ನಾಣ್ಯಪ್ರದರ್ಶನ: ಬೆಳ್ಳಿ ಮತ್ತು ನಿಕ್ಕಲ್ ನಾಣ್ಯಗಳ ಶೋಧ

ನಾಣ್ಯಪ್ರದರ್ಶನವೆಂದರೆ ಚಲಾವಣೆಯಿಂದ ನಿವೃತ್ತವಾದ, ಅಥವಾ ಚಲಾವಣೆಯಲ್ಲಿದ್ದೂ ವಿರಳವೆನಿಸಿದ ನಾಣ್ಯಗಳನ್ನು ನೋಡುವುದಕ್ಕೂ ಕೊಳ್ಳುವುದಕ್ಕೂ ಪರಸ್ಪರ ವಿನಿಮಯ ಮಾಡಿಕೊಳ್ಳುವುದಕ್ಕೂ ವರ್ತಕರು, ಸಂಗ್ರಾಹಕರು, ವಿದ್ವಾಂಸರು ಒಂದೆಡೆ ಕಲೆಯುವ ಸಮಾವೇಶ. ವಸ್ತುಸಂಗ್ರಹಾಲಯಕ್ಕೂ ಸಂತೆಗೂ ನಡುವಣ ಸ್ಥಾನ ಇದರದು. ಸಂಗ್ರಹಾಲಯದ ನಾಣ್ಯವನ್ನು ಗಾಜಿನ ಈಚೆಯಿಂದ ನೋಡಬಹುದಲ್ಲದೆ ಮುಟ್ಟಲಾಗದು. ಪ್ರದರ್ಶನದಲ್ಲಿಯಾದರೋ ಅದನ್ನು ಅಂಗೈಯಲ್ಲಿಟ್ಟುಕೊಂಡು, ಅಂಚನ್ನು ತಿರುವಿ, ತೂಕವನ್ನು ಅಂದಾಜಿಸಿ, ಬೆಲೆಗೆ ಚೌಕಾಶಿ ನಡೆಸಿ ಮನೆಗೂ ಒಯ್ಯಬಹುದು. ಪ್ರಾಚೀನ ಸುವರ್ಣನಾಣ್ಯಗಳು ಸಾಮಾನ್ಯ ಸಂಗ್ರಾಹಕನ ಕೈಗೆಟುಕದವಾದ್ದರಿಂದ ಇಂಥ ಸಮಾವೇಶಗಳಲ್ಲಿ ಹೆಚ್ಚಿನ ಶೋಧವೆಲ್ಲ ಕಳೆದ ಎರಡು ಶತಮಾನಗಳ ಬೆಳ್ಳಿಯ ಮತ್ತು ನಿಕ್ಕಲ್ಲಿನ ನಾಣ್ಯಗಳ ಸುತ್ತಲೇ ನಡೆಯುವುದು. ಪ್ರಸ್ತುತ ಲೇಖನ ಆ ಎರಡು ಲೋಹಗಳ ನಾಣ್ಯಗಳನ್ನೂ ಅವುಗಳ ಪರೀಕ್ಷೆ, ಸಂಗ್ರಹ, ಸಂರಕ್ಷಣೆಗಳನ್ನೂ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಸೀಮೆಯನ್ನು ನಿದರ್ಶನವಾಗಿರಿಸಿಕೊಂಡು ವಿವರಿಸುತ್ತದೆ.

ಸೀಮೆ ಮತ್ತು ಅದರ ಹಣ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಈ ನಾಡು ಬಾದಾಮಿ ಚಾಲುಕ್ಯರ ನೆಲೆಗೆ ಸಮೀಪವಾದುದು. ರನ್ನಕವಿಯ ಜನ್ಮಸ್ಥಳವಾದ ಮುದುವೊಳಲೇ ಇಂದಿನ ಮುಧೋಳ. ಕನ್ನಡ ನಾಡಿನ ಪ್ರಾಚೀನ ಅರಸರ ನಾಣ್ಯಪದ್ಧತಿಯಲ್ಲಿ ಅಗ್ರಪೂಜೆ ಚಿನ್ನಕ್ಕೆ ಸಲ್ಲುತ್ತಿತ್ತು. ಗದ್ಯಾಣ, ಹೊನ್ನು, ವರಾಹ, ಹಣ ಎಂಬ ಹೆಸರುಗಳು ಶಾಸನಗಳಲ್ಲಿಯೂ ಜನರ ಬಾಯಲ್ಲಿಯೂ ಉಳಿದು ಬಂದಿವೆ. ಬೆಳ್ಳಿ ಇಲ್ಲಿಗೆ ತೀರ ಅಪರಿಚಿತವಾಗಿತ್ತೆಂದಲ್ಲ. ಮುದ್ರಾಂಕಿತ ಬೆಳ್ಳಿಯ ನಾಣ್ಯಗಳು ಕರ್ನಾಟಕದ ಹಲವೆಡೆ ದೊರೆತಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೋಮನ್ನರ 163 ಬೆಳ್ಳಿಯ ದಿನಾರಿಗಳು ಸಿಕ್ಕಿದುವು. ವಿಜಯನಗರದ ಅರಸರು ‘ತಾರ’ವೆಂಬ ಅತಿ ಚಿಕ್ಕ ಬೆಳ್ಳಿಯ ನಾಣ್ಯವನ್ನು ಹೊರಡಿಸಿದ್ದರು. ಆದರೆ ನಿತ್ಯವ್ಯವಹಾರದ ಪ್ರಧಾನ ಲೋಹವಾಗಿ ಬೆಳ್ಳಿ ಬೇರೂರಿದುದು ಉತ್ತರದಿಂದ ಬಂದ ರೂಪಾಯಿಯ ಮೂಲಕ. ಹದಿನಾರನೆಯ ಶತಮಾನದ ನಡುಗಾಲದಲ್ಲಿ ಶೇರ್ ಶಹನು ವ್ಯವಸ್ಥೆಗೊಳಿಸಿದ ಈ ನಾಣ್ಯವನ್ನು ಮೊಗಲರು ದೇಶದುದ್ದಕ್ಕೂ ಹರಡಿದರು. ಆ ರೂಪಾಯಿ ಇಲ್ಲಿ ನೆಲೆಯೂರುವ ಮುನ್ನವೇ ವಿಜಾಪುರದ ಆದಿಲಶಾಹಿಗಳ ರಾಜ್ಯದಲ್ಲಿ ಪಾರಸಿಕ ಸಮುದ್ರವ್ಯಾಪಾರದ ಪ್ರಭಾವದಿಂದ ‘ಲಾರಿ’ ಎಂಬ ವಿಚಿತ್ರಾಕಾರದ ಹಣ ನಡೆಯುತ್ತಿತ್ತು. ಬೆಳ್ಳಿಯ ತಂತಿಯನ್ನು ನಡುವೆ ಮಡಿಸಿ, ಹೆಣ್ಣುಮಕ್ಕಳ ಕೂದಲ ಪಿನ್ನಿನಂತೆ ಮಾಡಿ, ಮೇಲೆ ಅಕ್ಷರಮುದ್ರೆಯನ್ನು ಒತ್ತಿದ ಈ ನಾಣ್ಯಗಳಲ್ಲಿ ಇಮ್ಮಡಿ ಅಲಿ ಆದಿಲಶಹನ ಕಾಲದವು ಇಂದಿಗೂ ಪ್ರದರ್ಶನಗಳಲ್ಲಿ ನೋಡುಗರನ್ನು ನಿಲ್ಲಿಸುತ್ತವೆ.

ಮರಾಠರ ಆಳಿಕೆಯಲ್ಲಿ ಬಾಗಲಕೋಟೆಯಲ್ಲಿಯೇ ಒಂದು ಟಂಕಸಾಲೆಯಿದ್ದು, ಅಲ್ಲಿ ದಿಲ್ಲಿಯ ಬಾದಶಹ ಶಾ ಆಲಮನ ಹೆಸರಿನಲ್ಲಿ ರೂಪಾಯಿಗಳನ್ನು ಅಚ್ಚುಹಾಕುತ್ತಿದ್ದರು. 1818ರಲ್ಲಿ ಪೇಶ್ವೆಯ ಅಧಿಕಾರ ಅಳಿದು ನಾಡು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆಯೂ ಈ ಅಚ್ಚು ಕೂಡಲೇ ನಿಲ್ಲಲಿಲ್ಲ. ಪಾರಸಿ ಲಿಪಿಯ ನಡುವೆ 1819 ಎಂಬ ಇಂಗ್ಲಿಷ್ ಅಂಕಿಯನ್ನು ತಾಳಿದ ಬಾಗಲಕೋಟೆ ರೂಪಾಯಿ ಆ ಸಂಧಿಕಾಲದ ಸಾಕ್ಷಿ. ಬಾದಶಹನ ಹೆಸರು, ಮರಾಠರ ಟಂಕಸಾಲೆ, ಕ್ರಿಸ್ತಶಕದ ವರ್ಷ ಇವು ಮೂರೂ ಒಂದೇ ಬಿಲ್ಲೆಯ ಮೇಲೆ ಕೂಡಿರುವುದರಿಂದ ಈ ಜಿಲ್ಲೆಯ ಸಂಗ್ರಾಹಕನಿಗೆ ಇದಕ್ಕಿಂತ ಆಪ್ತವಾದ ನಾಣ್ಯ ಮತ್ತೊಂದಿಲ್ಲ.

ಹತ್ತೊಂಬತ್ತನೆಯ ಶತಮಾನದಿಂದ 1948ರ ತನಕ ಪ್ರಸ್ತುತ ಊರುಗಳ ರಾಜಕೀಯ ಸ್ಥಿತಿ ಕುತೂಹಲಕಾರಿಯಾದುದು. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿ. ಬನಹಟ್ಟಿ ಆ ಸಂಸ್ಥಾನಕ್ಕೆ ಸೇರಿದ್ದು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿಯಾದರೋ ಸಾಂಗಲಿ ಸಂಸ್ಥಾನದ ತೇರದಾಳ ತಾಲೂಕಿಗೆ ಸೇರಿತ್ತು. ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಹೀಗೆ ಒಂದು ದಿನದ ಎತ್ತಿನ ಬಂಡಿಯ ಪ್ರಯಾಣದಲ್ಲಿ ನಾಲ್ಕು ಸರಕಾರಗಳ ಎಲ್ಲೆಯನ್ನು ದಾಟಬೇಕಾಗಿದ್ದರೂ, ಬನಹಟ್ಟಿಯ ನೇಕಾರ ಸೀರೆಯನ್ನು ಮಾರಿ ಪಡೆದ ಬ್ರಿಟಿಷ್ ರೂಪಾಯಿ ಮುಧೋಳದ ಪೇಟೆಯಲ್ಲಿಯೂ ಬೀಳಗಿಯ ಸಂತೆಯಲ್ಲಿಯೂ ಬಟ್ಟದ, ಅಂದರೆ ವಿನಿಮಯದ ಕಡಿತದ, ಕಿರಿಕಿರಿಯಿಲ್ಲದೆ ಸಲ್ಲುತ್ತಿತ್ತು. ಯಂತ್ರದಿಂದ ಅಚ್ಚಾದುದೆಂಬ ಅರ್ಥದಲ್ಲಿ ಇದನ್ನು ‘ಕಲದಾರ’ವೆಂದು ಕರೆದರು. ಪೂರ್ವದಿಕ್ಕಿನಲ್ಲಿ ನಿಜಾಮರ ರಾಜ್ಯದ ಗಡಿಯನ್ನು ದಾಟಿದರೆ ಮಾತ್ರ ‘ಹಾಲಿ ಸಿಕ್ಕಾ’ ಎಂಬ ಬೇರೆ ರೂಪಾಯಿಯೊಡನೆ ಲೆಕ್ಕ ಹಾಕಬೇಕಾಗುತ್ತಿತ್ತು; ಸ್ಥೂಲವಾಗಿ ಆರು ಕಲದಾರಕ್ಕೆ ಏಳು ಹಾಲಿ ಎಂಬುದು ವಾಡಿಕೆಯ ದರ. ಚಾರಮಿನಾರಿನ ಚಿತ್ರವುಳ್ಳ ಆ ಹೈದರಾಬಾದ್ ನಾಣ್ಯಗಳು ಸಂಗ್ರಾಹಕರಿಗೆ ಪ್ರಿಯವಾದ ಇನ್ನೊಂದು ಶಾಖೆ.

ಬೆಳ್ಳಿಯ ರೂಪಾಯಿ

1835ರ ಕಾಯಿದೆಯಿಂದ ಬ್ರಿಟಿಷ್ ಆಡಳಿತದ ಪ್ರದೇಶಕ್ಕೆಲ್ಲ ಏಕರೂಪವಾದ ರೂಪಾಯಿ ಬಂದಿತು. ಅದರ ತೂಕ 180 ಗ್ರೇನು, ಅಂದರೆ ಸುಮಾರು 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ, ಉಳಿದುದು ಮಿಶ್ರಣ. ಈ ತೂಕವೇ ತೊಲೆಯ ತೂಕವೂ ಆಗಿದ್ದುದರಿಂದ ರೂಪಾಯಿ ಕೊಡುವ ಹಣವಾಗಿದ್ದಂತೆಯೇ ತೂಗುವ ಬಟ್ಟೂ ಆಯಿತು. ಪತ್ತಾರನು ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿಯನ್ನಿಟ್ಟು ಇನ್ನೊಂದರಲ್ಲಿ ಒಡವೆಯನ್ನಿಟ್ಟರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಎಂಬತ್ತು ರೂಪಾಯಿಯ ತೂಕವೇ ಒಂದು ಸೇರೆಂಬ ಲೆಕ್ಕವೂ ಇದರಿಂದ ಹುಟ್ಟಿದುದೇ.

ಮೊದಲು ನಾಲ್ಕನೆಯ ವಿಲಿಯಮನ ಮುಖವೂ 1840ರಿಂದ ವಿಕ್ಟೋರಿಯಾ ರಾಣಿಯ ಮುಖವೂ ಈ ರೂಪಾಯಿಯನ್ನು ಅಲಂಕರಿಸಿದುವು. ಕಂಪನಿಯ ಆಳಿಕೆ ಮುಗಿದ ಬಳಿಕ 1862ರಲ್ಲಿ ರಾಣಿಯ ಹೆಸರಿನ ಹೊಸ ಸರಣಿ ಬಂದಿತು. ಈ ಸರಣಿಯ ಒಂದು ವೈಶಿಷ್ಟ್ಯವನ್ನು ಅರಿಯದವರು ಮೋಸಹೋಗುವುದುಂಟು: 1874ರಲ್ಲಿ ನಿಜವಾದ ವರ್ಷವನ್ನು ಮುದ್ರಿಸುವ ಪದ್ಧತಿ ಮೊದಲಾಗುವ ತನಕ ಪ್ರತಿವರ್ಷದ ರೂಪಾಯಿಯ ಮೇಲೂ 1862 ಎಂದೇ ಬರೆಯುತ್ತಿದ್ದರು, ಮುಂಬಯಿಯ ಟಂಕಸಾಲೆಯವರು ಚಿಕ್ಕ ಚುಕ್ಕೆಗಳನ್ನು ಸೇರಿಸಿ ವರ್ಷಭೇದವನ್ನು ಸೂಚಿಸಿದರು. ಆದಕಾರಣ 1862ರ ರೂಪಾಯಿಯೊಂದನ್ನು ಕೈಗೆತ್ತಿಕೊಂಡ ಸಂಗ್ರಾಹಕ ಮೊದಲು ಓದುವುದು ವರ್ಷವನ್ನಲ್ಲ, ಭೂತಗನ್ನಡಿಯ ಕೆಳಗೆ ಚುಕ್ಕೆಗಳನ್ನು. 1877ರಿಂದ ರಾಣಿ ಎಂಬ ಬಿರುದು ಸಾಮ್ರಾಜ್ಞಿಯೆಂದು ಬದಲಾಯಿತು. ಈ ಎರಡೂ ಬಗೆಯ ನಾಣ್ಯಗಳನ್ನು ಉತ್ತರ ಕರ್ನಾಟಕದ ಜನ ಭೇದವೆಣಿಸದೆ ‘ರಾಣಿ ಛಾಪ’ವೆಂದರು.

ಏಳನೆಯ ಎಡ್ವರ್ಡನ ರೂಪಾಯಿಗಳು 1903ರಿಂದ 1910ರ ತನಕ ಹೊರಟವು. ಅವುಗಳಲ್ಲಿ ಅರಸನ ತಲೆಯ ಮೇಲೆ ಕಿರೀಟವಿಲ್ಲ. ಐದನೆಯ ಜಾರ್ಜನ 1911ರ ರೂಪಾಯಿಯ ಕಥೆ ಪ್ರಸಿದ್ಧವಾದುದು. ಅರಸನ ನಿಲುವಂಗಿಯ ಮೇಲಿನ ಆನೆಯ ಚಿತ್ರ ಹಂದಿಯಂತೆ ಕಾಣುವುದೆಂದು ಜನರಲ್ಲಿ ಅಸಮಾಧಾನ ಹಬ್ಬಿ, ಅಚ್ಚಾಗಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಹೊರಬಿದ್ದ ಏಳು ಲಕ್ಷದಷ್ಟನ್ನು ಬಿಟ್ಟು ಮಿಕ್ಕವು ಮರಳಿ ಮೂಸೆಯನ್ನು ಸೇರಿದುವು. ಮರುವರ್ಷ ಆನೆಯ ಸೊಂಡಿಲು ಸ್ಪಷ್ಟವಾಯಿತು. 1922ರ ಬಳಿಕ ಹದಿನೈದು ವರ್ಷಗಳಷ್ಟು ಕಾಲ ಚಲಾವಣೆಗಾಗಿ ಬೆಳ್ಳಿಯ ರೂಪಾಯಿಯನ್ನು ಅಚ್ಚುಹಾಕಲಿಲ್ಲ. ಆರನೆಯ ಜಾರ್ಜನ ಹೆಸರಿನಲ್ಲಿ 1938ರ ಮತ್ತು 1939ರ ವರ್ಷಾಂಕಗಳೊಡನೆ ಹಳೆಯ ಪ್ರಮಾಣದ ರೂಪಾಯಿ ಕಡೆಯದಾಗಿ ಬಂದಿತು. 1939ರದು ಅತಿ ವಿರಳವಾದುದರಿಂದ, ಅದರ ಹೆಸರಿನಲ್ಲಿ ತಿದ್ದಿದ ಅಂಕಿಯ ಖೋಟಾ ನಾಣ್ಯಗಳು ಪೇಟೆಗೆ ಬರುತ್ತಲೇ ಇರುತ್ತವೆ.

ಯುದ್ಧವು ಬೆಳ್ಳಿಯನ್ನು ಎರಡು ಸಲ ಪರೀಕ್ಷಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ತಲೆದೋರಿ 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ಹೊರಟಿತು; ಮರುವರ್ಷ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸು ಬೆಳ್ಳಿಯನ್ನು ಭಾರತಕ್ಕಾಗಿ ಒದಗಿಸಿತು. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ, ರೂಪಾಯಿಯಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು: ನೂರಕ್ಕೆ 50 ಬೆಳ್ಳಿ, 40 ತಾಮ್ರ, ತಲಾ ಐದು ನಿಕ್ಕಲ್ ಮತ್ತು ಸತು. ಖೋಟಾದವರನ್ನು ತಡೆಯಲು ಅಂಚಿನಲ್ಲಿ ವಿಶೇಷವಾದ ಗೀರುಗಳನ್ನೂ ಅಳವಡಿಸಿದರು. ಹಿಂದಿನ ಹೆಚ್ಚು ಬೆಳ್ಳಿಯ ರೂಪಾಯಿಗಳು 1941ರಿಂದ 1943ರೊಳಗಾಗಿ ಸರದಿಯಂತೆ ಚಲಾವಣೆಯಿಂದ ರದ್ದಾದುವು. ರದ್ದಾದುದು ಸರಕಾರದ ಲೆಕ್ಕದಲ್ಲಿ ಮಾತ್ರ. ಹಳ್ಳಿಯ ಮನೆಗಳಲ್ಲಿ ಅವು ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯನ್ನೇರಿದುವು, ಇಲ್ಲವೇ ಪತ್ತಾರನ ಮೂಸೆಯಲ್ಲಿ ಕರಗಿ ಉಡದಾರ ಕಾಲ್ಗಡಗಗಳಾಗಿ ಮರುಜನ್ಮ ಪಡೆದುವು.

ಸ್ವಾತಂತ್ರ್ಯಾನಂತರ ಬೆಳ್ಳಿ ಸ್ಮಾರಕ ನಾಣ್ಯಗಳಲ್ಲಿ ಮಾತ್ರ ಕಾಣಿಸಿಕೊಂಡಿತು. ಗಾಂಧೀ ಶತಮಾನೋತ್ಸವದ 1969ರ ಹತ್ತು ರೂಪಾಯಿ 15 ಗ್ರಾಂ ತೂಕದ್ದಾಗಿ, ನೂರಕ್ಕೆ ಎಂಬತ್ತು ಪಾಲು ಬೆಳ್ಳಿಯುಳ್ಳದ್ದು. 1972ರ ಸ್ವಾತಂತ್ರ್ಯ ರಜತೋತ್ಸವದ ಹತ್ತು ರೂಪಾಯಿ ತೂಕದಲ್ಲಿ ದೊಡ್ಡದಾದರೂ ಬೆಳ್ಳಿಯ ಪಾಲು ಅರ್ಧ ಮಾತ್ರ.

ನಿಕ್ಕಲ್ಲಿನ ಪ್ರವೇಶ

ನಿಕ್ಕಲ್ ಭಾರತದ ನಾಣ್ಯಕ್ಕೆ ಮುಂಬಾಗಿಲಿನಿಂದ ಬರಲಿಲ್ಲ. ಆಣೆಯ ಚಿಲ್ಲರೆಯ ಕಿರುದಾರಿಯಿಂದ ಬಂದಿತು. 1906ರ ನಾಣ್ಯ ಕಾಯಿದೆಯನ್ನು ಅನುಸರಿಸಿ, 1907ರ ವರ್ಷಾಂಕದೊಡನೆ ಎಡ್ವರ್ಡನ ಒಂದಾಣೆ ಹೊರಟಿತು. ಅದರ ಲೋಹ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಕತ್ತಲಲ್ಲಿಯೂ ಬೆರಳ ತುದಿಗೆ ಗುರುತು ಸಿಗಲೆಂದು ಅಂಚನ್ನು ಹೂವಿನ ಎಸಳಿನಂತೆ ಬಾಗಿಸಿದ್ದರು. ಮೊದಲನೆಯ ಯುದ್ಧದ ಬೆಳ್ಳಿಯ ಕ್ಷಾಮ ಈ ಮಿಶ್ರಲೋಹವನ್ನು ಮೇಲಿನ ಮೆಟ್ಟಿಲುಗಳಿಗೆ ಏರಿಸಿತು. 1918ರಲ್ಲಿ ಮೂಲೆಗಳು ಉರುಟಾದ ಚೌಕಾಕಾರದ ಎರಡಾಣೆ, 1919ರಲ್ಲಿ ಎಂಟು ಮೂಲೆಯ ನಾಲ್ಕಾಣೆ, ಅಂದರೆ ಪಾವಲಿ, ಹಾಗೂ ದುಂಡಗಿನ ಎಂಟಾಣೆ ಬಂದುವು. ಎಂಟಾಣೆ ಖೋಟಾದವರಿಗೆ ಸುಲಭದ ತುತ್ತಾಗಿ ಬೇಗನೆ ಹಿಂತೆಗೆಯಲ್ಪಟ್ಟಿತು. ಆದ್ದರಿಂದಲೇ ಐದನೆಯ ಜಾರ್ಜನ ನಿಕ್ಕಲ್ ಎಂಟಾಣೆ ಇಂದು ಶೋಧಕರ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದೆ.

ಎರಡನೆಯ ಯುದ್ಧದಲ್ಲಿ ನಿಕ್ಕಲ್ ಶಸ್ತ್ರಾಸ್ತ್ರಗಳಿಗೆ ಬೇಕಾದ ಲೋಹವಾಯಿತು. ಭಾರತದಲ್ಲಿ 1942ರಿಂದ ಅರ್ಧಾಣೆ, ಒಂದಾಣೆ, ಎರಡಾಣೆಗಳನ್ನು ಅಲ್ಪ ನಿಕ್ಕಲ್ ಬೆರೆತ ಹಳದಿಬಣ್ಣದ ಹಿತ್ತಾಳೆಯಲ್ಲಿ ಅಚ್ಚುಹಾಕಿದರು. ಅದೇ ವರ್ಷ ಅಮೆರಿಕದಲ್ಲಿ ನಡೆದುದು ಇದಕ್ಕೆ ಸ್ವಾರಸ್ಯವಾದ ಜೋಡಿ. ಅಲ್ಲಿ 1866ರಿಂದ ನಡೆದುಬಂದ ಐದು ಸೆಂಟಿನ ನಾಣ್ಯಕ್ಕೆ ನಿಕ್ಕಲ್ ಎಂದೇ ರೂಢನಾಮ, ವಾಸ್ತವವಾಗಿ ಅದರಲ್ಲಿ ಮುಕ್ಕಾಲು ಪಾಲು ತಾಮ್ರವೇ. ಯುದ್ಧಕಾಲದಲ್ಲಿ ಅದರಿಂದ ನಿಕ್ಕಲ್ಲನ್ನು ಪೂರ್ಣವಾಗಿ ತೆಗೆದು ನೂರಕ್ಕೆ 35 ಪಾಲು ಬೆಳ್ಳಿಯನ್ನು ಸೇರಿಸಿ, ಹಿಂಭಾಗದ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಟಂಕಸಾಲೆಯಚ್ಚನ್ನು ಗುರುತಿಗಾಗಿ ಇಟ್ಟರು. 1942ರಿಂದ 1945ರ ತನಕದ ಈ ನಾಣ್ಯಗಳನ್ನೂ 1964ರ ತನಕದ ತೊಂಬತ್ತು ಪಾಲು ಬೆಳ್ಳಿಯ ಡೈಮು ಕ್ವಾರ್ಟರುಗಳನ್ನೂ 1913ರಿಂದ 1938ರ ಕಾಡೆಮ್ಮೆಯ ಚಿತ್ರದ ನಿಕ್ಕಲ್ಲುಗಳನ್ನೂ ಅರಸುವುದು ಅಲ್ಲಿನ ಪ್ರದರ್ಶನಗಳ ಸಾಮಾನ್ಯ ವಿನೋದ. ಒಂದೇ ಯುದ್ಧ ಒಂದು ದೇಶದಲ್ಲಿ ನಿಕ್ಕಲ್ಲಿನ ಜಾಗಕ್ಕೆ ಬೆಳ್ಳಿಯನ್ನು ತಂದಿತು, ಇನ್ನೊಂದರಲ್ಲಿ ಬೆಳ್ಳಿಯ ಜಾಗಕ್ಕೆ ನಿಕ್ಕಲ್ಲನ್ನು.

ಭಾರತದಲ್ಲಿ ಆ ಎರಡನೆಯ ಬದಲಾವಣೆ ಸಾಲದ ಕಾರಣದಿಂದಲೂ ಉಂಟಾಯಿತು. ಯುದ್ಧಕಾಲದಲ್ಲಿ ಅಮೆರಿಕದಿಂದ ಪಡೆದ ಸುಮಾರು 22 ಕೋಟಿ 60 ಲಕ್ಷ ಔನ್ಸು ಬೆಳ್ಳಿಯನ್ನು ಮರಳಿಸಬೇಕಾದ್ದರಿಂದ ಚಲಾವಣೆಯ ಬೆಳ್ಳಿಯನ್ನು ಒಟ್ಟುಗೂಡಿಸುವುದು ಅನಿವಾರ್ಯವಾಯಿತು. 1946ರಲ್ಲಿ ಶುದ್ಧ ನಿಕ್ಕಲ್ಲಿನ ಅರ್ಧ ಮತ್ತು ಕಾಲು ರೂಪಾಯಿಗಳೂ 1947ರಲ್ಲಿ ಒಂದು ರೂಪಾಯಿಯೂ ಬಂದುವು. ಒಂದು ಕಡೆ ಆರನೆಯ ಜಾರ್ಜ್, ಇನ್ನೊಂದು ಕಡೆ ಹೆಜ್ಜೆಯಿಡುತ್ತಿರುವ ಹುಲಿ. ಆಂಗ್ಲ ಅರಸನ ಮುಖವನ್ನು ಹೊತ್ತ ಭಾರತದ ಕಡೆಯ ರೂಪಾಯಿಯಾದ ಇದನ್ನು ಇಂದಿಗೂ ‘ಹುಲಿ ರೂಪಾಯಿ’ಯೆಂದು ಹುಡುಕುತ್ತಾರೆ. 1950ರಲ್ಲಿ ಅಶೋಕನ ಸಿಂಹಸ್ತಂಭವೂ ತೆನೆಗಳೂ ರೂಪಾಯಿಯ ಮೇಲೆ ಬಂದುವು. ಲೋಹ ಮಾತ್ರ ನಿಕ್ಕಲ್ಲಾಗಿಯೇ ಉಳಿಯಿತು. ಚಿಲ್ಲರೆಯ ಆಣೆಗಳ ಮೇಲೆ ಎತ್ತು, ಪೈಸೆಯ ಮೇಲೆ ಕುದುರೆ.

1957ರ ಏಪ್ರಿಲ್ 1ರಿಂದ ದಶಮಾಂಶ ಪದ್ಧತಿ ಬಂದು ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತು. 1964ರ ಜೂನ್ 1ರಂದು ‘ನಯಾ’ ಎಂಬ ವಿಶೇಷಣ ಬಿದ್ದುಹೋಯಿತು. ಎರಡು, ಐದು, ಹತ್ತು ಪೈಸೆಗಳಿಗೆ ತಾಮ್ರ–ನಿಕ್ಕಲ್ಲೂ, ಇಪ್ಪತ್ತೈದು, ಐವತ್ತು ಪೈಸೆಗಳಿಗೂ 1962ರಿಂದ ಒಂದು ರೂಪಾಯಿಗೂ ಶುದ್ಧ ನಿಕ್ಕಲ್ಲೂ ಬಳಕೆಯಾದುವು. 1964ರಲ್ಲಿ ನೆಹರೂ ಅವರ ನೆನಪಿಗಾಗಿ ಹೊರಟ ನಿಕ್ಕಲ್ಲಿನ ರೂಪಾಯಿ ಮತ್ತು ಅರ್ಧ ರೂಪಾಯಿಗಳೇ ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು. ನಿಕ್ಕಲ್ ಹೊರನಾಡಿನಿಂದ ತರಿಸಬೇಕಾದ ಲೋಹವಾದ್ದರಿಂದ ಶುದ್ಧ ನಿಕ್ಕಲ್ಲಿನ ಕಾಲ ದೀರ್ಘವಾಗಲಿಲ್ಲ. 1975ರಿಂದ ರೂಪಾಯಿ ತಾಮ್ರ–ನಿಕ್ಕಲ್ಲಿಗೆ ಇಳಿಯಿತು. 1988ರಿಂದ ಚಿಲ್ಲರೆಯಲ್ಲಿಯೂ 1992ರಿಂದ ರೂಪಾಯಿಯಲ್ಲಿಯೂ ತುಕ್ಕುಹಿಡಿಯದ ಉಕ್ಕು ಬಂದಿತು. 2011ರ ಜೂನ್ 30ರೊಂದಿಗೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯೇ ಕೊನೆಗೊಂಡಿತು.

ಪರೀಕ್ಷಾವಿಧಾನ

ಪ್ರದರ್ಶನದಲ್ಲಿ ಸಂಗ್ರಾಹಕನಿಗೆ ಬೇಕಾದ ಉಪಕರಣಗಳು ಅಲ್ಪ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ನೂರನೇ ಒಂದು ಗ್ರಾಮನ್ನು ತೋರುವ ಚಿಕ್ಕ ತಕ್ಕಡಿ, ಅಡ್ಡಳತೆಯ ಪಟ್ಟಿ, ಒಂದು ಅಯಸ್ಕಾಂತ. ಅಯಸ್ಕಾಂತದ ಉಪಯೋಗ ವಿಶೇಷವಾದುದು. ಬೆಳ್ಳಿ ಅದಕ್ಕೆ ಅಂಟುವುದಿಲ್ಲ; ಶುದ್ಧ ನಿಕ್ಕಲ್ ಅಂಟುತ್ತದೆ; ಮುಕ್ಕಾಲು ಪಾಲು ತಾಮ್ರವುಳ್ಳ ಮಿಶ್ರಲೋಹ ಅಂಟುವುದಿಲ್ಲ. ಹುಲಿ ರೂಪಾಯಿಯೋ 1962ರ ರೂಪಾಯಿಯೋ ಅಯಸ್ಕಾಂತಕ್ಕೆ ಒಲಿಯದಿದ್ದರೆ ಅದು ಖೋಟಾ ಎಂದು ತಿಳಿಯಬೇಕು. ವಿಕ್ಟೋರಿಯಾ ರೂಪಾಯಿ ಒಲಿದರೆ ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ತೂಕದಲ್ಲಿ ಸವೆತವನ್ನು ಲೆಕ್ಕಿಸಿ ಕೆಲವು ನೂರನೇ ಗ್ರಾಮುಗಳ ಕೊರತೆಯನ್ನು ಮನ್ನಿಸಬಹುದಾದರೂ ಹೆಚ್ಚಳವನ್ನು ಎಂದಿಗೂ ಮನ್ನಿಸಲಾಗದು. ಹಳೆಯ ರೂಪಾಯಿಯ ಅಡ್ಡಳತೆ ಸುಮಾರು 30.5 ಮಿಲಿಮೀಟರ್. ಸರಾಫರು ಅನುಸರಿಸುತ್ತಿದ್ದ ನಾದಪರೀಕ್ಷೆ ಇಂದಿಗೂ ಪ್ರಯೋಜನಕಾರಿ. ನಾಣ್ಯವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆಲ್ಲನೆ ತಟ್ಟಿದರೆ ಒಳ್ಳೆಯ ಬೆಳ್ಳಿ ದೀರ್ಘವಾದ ಘಂಟಾನಾದವನ್ನು ಕೊಡುತ್ತದೆ. ಸೀಸ ಬೆರೆತದ್ದು ಬೊದ್ದೆನ್ನುತ್ತದೆ. ಆದರೆ ಕಲ್ಲಿನ ಮೇಲೆ ಚಿಮ್ಮಿ ಎಸೆಯುವ ಹಳೆಯ ಪದ್ಧತಿಯನ್ನು ಸಂಗ್ರಾಹಕ ಬಿಡಬೇಕು. ಅಂಚಿಗೆ ತಗುಲಿದ ಒಂದು ಏಟು ಬೆಲೆಯನ್ನು ಇಳಿಸುತ್ತದೆ. ಒರೆಗಲ್ಲಿಗೆ ಉಜ್ಜುವುದೂ ಇಲ್ಲಿ ನಿಷಿದ್ಧ.

ಟಂಕಸಾಲೆಯ ಗುರುತನ್ನು ಓದುವುದು ಶೋಧದ ಇನ್ನೊಂದು ಅಂಗ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ವರ್ಷದ ಕೆಳಗೆ ಗುರುತಿಲ್ಲದಿದ್ದರೆ ಕಲಕತ್ತೆಯದು, ವಜ್ರಾಕೃತಿಯಿದ್ದರೆ ಸಾಮಾನ್ಯವಾಗಿ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು. ಆರನೆಯ ಜಾರ್ಜನ ಕಡೆಯ ವರ್ಷಗಳಲ್ಲಿ ಲಾಹೋರಿನ ಟಂಕಸಾಲೆಯೂ ‘ಎಲ್’ ಅಕ್ಷರದ ಗುರುತಿನಿಂದ ಕೆಲಸ ಮಾಡಿತು. ಒಂದೇ ವರ್ಷದ, ಒಂದೇ ಮುಖದ ಎರಡು ನಾಣ್ಯಗಳಲ್ಲಿ ಒಂದು ಸಾಮಾನ್ಯವಾಗಿಯೂ ಇನ್ನೊಂದು ದುರ್ಲಭವಾಗಿಯೂ ಇರುವುದು ಬಹುಮಟ್ಟಿಗೆ ಈ ಗುರುತಿನಿಂದ.

ಪ್ರದರ್ಶನದ ಸ್ವರೂಪ

ಬೆಂಗಳೂರಿನಲ್ಲಿ ಮರುಧರ್ ಆರ್ಟ್ಸ್ ಸಂಸ್ಥೆ ನಡೆಸುವ ರಾಷ್ಟ್ರೀಯ ನಾಣ್ಯಪ್ರದರ್ಶನ, ಪುಣೆಯ ಕಾಯಿನೆಕ್ಸ್, ಮುಂಬಯಿಯ ಕಾಯಿನ್ ಸೊಸೈಟಿಯ ಸಮಾವೇಶ ಇವು ಕೃಷ್ಣಾತೀರದ ಸಂಗ್ರಾಹಕನಿಗೆ ರಾತ್ರಿಯ ಪ್ರಯಾಣದಲ್ಲಿ ತಲಪಬಹುದಾದ ಪ್ರಮುಖ ಪ್ರದರ್ಶನಗಳು. ಸಭಾಂಗಣದಲ್ಲಿ ಸಾಲುಸಾಲಾಗಿ ಹಾಕಿದ ಮೇಜುಗಳು. ಗಾಜಿನ ಪೆಟ್ಟಿಗೆಗಳಲ್ಲಿ ಬೆಲೆಬಾಳುವವು, ಆಲ್ಬಮ್ಮುಗಳಲ್ಲಿ ಮಧ್ಯಮ ಬೆಲೆಯವು, ಕೊನೆಗೆ ತಟ್ಟೆಯಲ್ಲಿಯೋ ಡಬ್ಬಿಯಲ್ಲಿಯೋ ಸುರಿದ, ಆಯ್ದುಕೊಳ್ಳಲು ಬಿಟ್ಟ ಚಿಲ್ಲರೆ. ಅನುಭವಿಗಳು ಮೊದಲ ದಿನದ ಮುಂಜಾನೆ ಕೊಳ್ಳುವುದಕ್ಕೆ ಅವಸರಿಸದೆ ಸಭಾಂಗಣವನ್ನೊಮ್ಮೆ ಸುತ್ತಿ, ಒಂದೇ ನಾಣ್ಯಕ್ಕೆ ನಾಲ್ಕು ಮೇಜುಗಳಲ್ಲಿ ಹೇಳುವ ನಾಲ್ಕು ಬೆಲೆಗಳನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳುತ್ತಾರೆ. ಕಡೆಯ ದಿನದ ಸಂಜೆ, ಪೆಟ್ಟಿಗೆ ಕಟ್ಟುವ ಹೊತ್ತಿನಲ್ಲಿ, ಬೆಲೆಗಳು ಸಡಿಲವಾಗುವುದುಂಟು. ಬೆಳ್ಳಿಯ ಸಾಮಾನ್ಯ ರೂಪಾಯಿಗೆ ಕನಿಷ್ಠ ಬೆಲೆಯನ್ನು ಆ ದಿನದ ಸರಾಫ ಕಟ್ಟೆಯ ದರವೇ ನಿರ್ಧರಿಸುತ್ತದೆ: ಹಳೆಯ ರೂಪಾಯಿಯಲ್ಲಿ ಸುಮಾರು 10.7 ಗ್ರಾಂ, 1940ರ ಬಳಿಕದ್ದರಲ್ಲಿ ಸುಮಾರು 5.8 ಗ್ರಾಂ ಶುದ್ಧ ಬೆಳ್ಳಿ. ಅದರ ಮೇಲಿನ ಬೆಲೆ ವಿರಳತೆಯದು ಮತ್ತು ಸ್ಥಿತಿಯದು.

ಊರಿನ ಶೋಧಕ್ಷೇತ್ರ ಇದಕ್ಕಿಂತ ಭಿನ್ನ. ಸರಾಫನ ಅಂಗಡಿಯಲ್ಲಿ ಕರಗುವ ಸರದಿಗಾಗಿ ಕಾದಿರುವ ಹಳೆಯ ಬೆಳ್ಳಿಯ ಡಬ್ಬಿ, ಅಜ್ಜಿಯ ಟ್ರಂಕಿನ ತಳದ ಕೈಚೀಲ, ದೇವರ ಮನೆಯ ತಟ್ಟೆ ಇವೇ ಇಲ್ಲಿಯ ಮೇಜುಗಳು. ಲಂಬಾಣಿ ತಾಂಡೆಗಳ ಹೆಣ್ಣುಮಕ್ಕಳ ಒಡವೆಗಳಲ್ಲಿ ಮತ್ತು ಉಡುಗೆಯಲ್ಲಿ ಪಾವಲಿಗಳೂ ರೂಪಾಯಿಗಳೂ ಪೋಣಿಸಿಕೊಂಡಿರುವುದನ್ನು ನೋಡಬಹುದು. ಕೊಂಡಿ ಬೆಸೆದ, ರಂಧ್ರ ಕೊರೆದ ಇಂಥ ನಾಣ್ಯಗಳಿಗೆ ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಕಡಿಮೆ. ಆದರೆ ಒಂದು ಸಮಾಜ ಹಣವನ್ನು ಹೇಗೆ ಧರಿಸಿತೆಂಬ ಇತಿಹಾಸಕ್ಕೆ ಆ ರಂಧ್ರವೇ ದಾಖಲೆ.

ಇಲ್ಲಿ ಬೆಳ್ಳಿಗೂ ನಿಕ್ಕಲ್ಲಿಗೂ ಇರುವ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಬೆಳ್ಳಿಯನ್ನು ಜನ ಕೂಡಿಟ್ಟರು. ಕೂಡಿಟ್ಟದ್ದರಿಂದ ಮಡಕೆಯಲ್ಲಿಯೋ ಗಂಟಿನಲ್ಲಿಯೋ ಸವೆಯದೆ ಉಳಿದ ರಾಣಿ ಛಾಪಗಳು ಇಂದಿಗೂ ಸಾಕಷ್ಟಿವೆ. ನಿಕ್ಕಲ್ಲನ್ನು ಯಾರೂ ಕೂಡಿಡಲಿಲ್ಲ. ಅದು ಚಹದಂಗಡಿಯ ಗಲ್ಲೆಯಿಂದ ಬಸ್ಸಿನ ಕಂಡಕ್ಟರನ ಚೀಲಕ್ಕೂ ಅಲ್ಲಿಂದ ಸಂತೆಯ ಕಾಯಿಪಲ್ಲೆಯವಳ ಸೆರಗಿನ ಗಂಟಿಗೂ ತಿರುಗಿ ತಿರುಗಿ ಮುಖ ಸವೆಸಿಕೊಂಡಿತು. ಇದರಿಂದ ಒದಗಿದ ಫಲ ವಿಪರೀತವಾದುದು: ಟಂಕಸಾಲೆಯಿಂದ ಆಗತಾನೆ ಬಂದಂತಿರುವ 1919ರ ಎಂಟಾಣೆಯನ್ನು ಹುಡುಕುವುದು ಅಂಥದೇ ಸ್ಥಿತಿಯ ಸಾಮಾನ್ಯ ವಿಕ್ಟೋರಿಯಾ ರೂಪಾಯಿಯನ್ನು ಹುಡುಕುವುದಕ್ಕಿಂತ ಬಹಳ ಕಷ್ಟ.

ಖೋಟಾ ಮತ್ತು ವಂಚನೆ

ಪೇಟೆಯಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ಕೃತಕವಸ್ತು, ಕಂಪನಿಯ ಹೆಸರನ್ನೂ 1818 ಮುಂತಾದ ವರ್ಷಗಳನ್ನೂ ಒಂದು ಬದಿಗೆ ತಾಳಿ, ಇನ್ನೊಂದು ಬದಿಯಲ್ಲಿ ಶ್ರೀರಾಮ, ಹನುಮಂತ, ಗಣಪತಿಯರ ಮೂರ್ತಿಗಳನ್ನು ಹೊತ್ತ ಅರ್ಧಾಣೆ ಒಂದಾಣೆಗಳು. ಕಂಪನಿ ಇಂಥ ನಾಣ್ಯಗಳನ್ನು ಎಂದೂ ಹೊರಡಿಸಲಿಲ್ಲ. ಇವು ಈಚಿನ ಭಕ್ತಿಯ ಬಿಲ್ಲೆಗಳು. ಯಾತ್ರಾಸ್ಥಳಗಳಲ್ಲಿ ಪೂಜೆಗಾಗಿ ಮಾರುವ ರಾಮಟಂಕಗಳ ವಂಶಕ್ಕೆ ಸೇರಿದ ಇವನ್ನು ಪೂಜಿಸುವುದರಲ್ಲಿ ದೋಷವಿಲ್ಲ, ಪ್ರಾಚೀನವೆಂದು ಲಕ್ಷಾಂತರ ರೂಪಾಯಿಗೆ ಮಾರುವುದರಲ್ಲಿದೆ. ಅಕ್ಕಿಯನ್ನು ಸೆಳೆಯುವ, ಮಿಂಚನ್ನು ಹಿಡಿಯುವ ಅದ್ಭುತಶಕ್ತಿ ಇವಕ್ಕಿದೆಯೆಂಬ ಪುಕಾರು ಆ ವಂಚನೆಯದೇ ಅಂಗ. ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವ ನೆಪದಲ್ಲಿ ತನ್ನ ಹೆಸರನ್ನು ದುರುಪಯೋಗಪಡಿಸಿ ಶುಲ್ಕ ವಸೂಲು ಮಾಡುವವರ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಅಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂಬುದು ಅದರ ಸ್ಪಷ್ಟೀಕರಣ.

ಸಂರಕ್ಷಣೆ

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಸಂಯೋಗದಿಂದ. ಹಬ್ಬದ ಮುನ್ನಾದಿನ ಹುಣಿಸೆಹಣ್ಣು, ಬೂದಿ, ವಿಭೂತಿಗಳಿಂದ ಬೆಳ್ಳಿಯ ಸಾಮಾನನ್ನು ತಿಕ್ಕಿ ಬೆಳಗಿಸುವುದು ನಮ್ಮ ಮನೆಗಳ ಸದಾಚಾರ. ಆರತಿಯ ತಟ್ಟೆಗೆ ಹಿತವಾದ ಇದು ನಾಣ್ಯಕ್ಕೆ ಮಾರಕ. ತಿಕ್ಕಿದ ನಾಣ್ಯದ ಮೇಲೆ ಸೂಕ್ಷ್ಮವಾದ ಗೀರುಗಳೆದ್ದು ಅಚ್ಚಿನ ಮೂಲ ಹೊಳಪು ಶಾಶ್ವತವಾಗಿ ಅಳಿಯುತ್ತದೆ. ಹಳೆಯ ನಾಣ್ಯದ ಮೇಲೆ ಸಹಜವಾಗಿ ಕವಿದ ಮಸುಕುಬಣ್ಣವನ್ನು ಬಲ್ಲವರು ಕೊಳೆಯೆನ್ನುವುದಿಲ್ಲ, ವಯಸ್ಸೆನ್ನುತ್ತಾರೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆರಳ ಬೆವರು ಮುಖದ ಮೇಲೆ ಅಳಿಯದ ಕಲೆಯಾಗುತ್ತದೆ. ಮೃದುವಾದ ಅಗ್ಗದ ಪಿವಿಸಿ ಚೀಲಗಳು ಕಾಲಕ್ರಮದಲ್ಲಿ ಹಸಿರು ಜಿಗಟನ್ನು ಬಿಡುವುದರಿಂದ ಅವನ್ನು ವರ್ಜಿಸುವುದು ಲೇಸು.

ಕಾಯಿದೆ

ಅಗೆಯುವಾಗ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸತಕ್ಕದ್ದೆಂದು 1878ರ ಭಾರತೀಯ ನಿಧಿ ಕಾಯಿದೆಯೂ 1962ರ ರಾಜ್ಯದ ನಿಧಿ ಕಾಯಿದೆಯೂ ವಿಧಿಸುತ್ತವೆ. ನೂರು ವರ್ಷಗಳಿಗೆ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನವಸ್ತುವೆನಿಸುವುದರಿಂದ ಅದನ್ನು ಖಾಸಗಿಯಾಗಿ ವಿದೇಶಕ್ಕೆ ಒಯ್ಯುವಂತಿಲ್ಲ. ಚಲಾವಣೆಯ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯಿದೆಯಲ್ಲಿ ಅಪರಾಧ.

ಅಧ್ಯಯನ ಮತ್ತು ಸಂಸ್ಥೆಗಳು

ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲಾಗುತ್ತಿದ್ದ ಈ ಭಾಗದಲ್ಲಿ ನಾಣ್ಯಶಾಸ್ತ್ರಕ್ಕೆ ಅಡಿಗಲ್ಲಿಟ್ಟವರಲ್ಲಿ ವಾಲ್ಟರ್ ಎಲಿಯಟ್ ಪ್ರಮುಖನು. 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕಿದ್ದ ಈ ತರುಣ ಅಧಿಕಾರಿ ತರುವಾಯ ಇಲ್ಲಿಯ ಶಾಸನಗಳನ್ನೂ ನಾಣ್ಯಗಳನ್ನೂ ಸಂಗ್ರಹಿಸಿದನು. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವನ ಗ್ರಂಥ 1886ರಲ್ಲಿ ಪ್ರಕಟವಾಯಿತು. 1910ರಲ್ಲಿ ಭಾರತೀಯ ನಾಣ್ಯಶಾಸ್ತ್ರ ಪರಿಷತ್ತು, 1939ರಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪಿತವಾದುವು. ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳನ್ನು ಕುರಿತ 1975ರ ಕೃತಿ ಈ ಕ್ಷೇತ್ರದ ಆಧಾರಗ್ರಂಥ. ನಾಸಿಕದ ಸಮೀಪದ ಅಂಜನೇರಿಯಲ್ಲಿ ನಾಣ್ಯಶಾಸ್ತ್ರ ಸಂಶೋಧನ ಕೇಂದ್ರವೂ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಹಣದ ಸಂಗ್ರಹಾಲಯವೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಏರ್ಪಡಿಸಿದ ನಾಣ್ಯಸಂಗ್ರಹಾಲಯವೂ ಇವೆ.

ಸಂಗ್ರಹದ ಪ್ರಯೋಜನ

ಕ್ರಮಬದ್ಧವಾಗಿ ಜೋಡಿಸಿದ ಒಂದು ಸಣ್ಣ ಸಂಗ್ರಹ, ಉದಾಹರಣೆಗೆ 1835, 1862, 1911, 1940, 1947, 1950, 1962, 1975 ಮತ್ತು 1992ರ ಒಂಬತ್ತು ರೂಪಾಯಿಗಳು, ದೊಡ್ಡ ವೆಚ್ಚವನ್ನು ಬೇಡದೆ ಒಂದು ದೇಶದ ಅರ್ಥಚರಿತ್ರೆಯನ್ನು ಮೇಜಿನ ಮೇಲೆ ಹರವುತ್ತದೆ. 1911ರದೊಂದಕ್ಕೆ ಮಾತ್ರ ಹೆಚ್ಚು ತೆರಬೇಕಾದೀತು. ತೂಕದ ಬಟ್ಟಾಗಿದ್ದ ಬೆಳ್ಳಿ ಅರ್ಧವಾಗಿ, ಸಾಲಕ್ಕಾಗಿ ನಿಕ್ಕಲ್ಲಾಗಿ, ಆಮದಿನ ಭಾರಕ್ಕಾಗಿ ತಾಮ್ರ ಬೆರೆತು, ಕಡೆಗೆ ಉಕ್ಕಾದ ಕ್ರಮವನ್ನು ಕಣ್ಣುಮುಚ್ಚಿ ಬೆರಳಿನಿಂದಲೂ ಓದಬಹುದು. ಈ ಒಂಬತ್ತರಲ್ಲಿ ಮೊದಲ ಐದು ಅಚ್ಚಾದಾಗ ಜಮಖಂಡಿ, ಮುಧೋಳ, ರಬಕವಿ, ಬೀಳಗಿ ನಾಲ್ಕು ಸರಕಾರಗಳ ಕೆಳಗಿದ್ದುವು. ಆರನೆಯದು ಬಂದಾಗ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದುವು. ಏಳನೆಯದು ಬಂದಾಗ ಮೈಸೂರು ರಾಜ್ಯದಲ್ಲಿ. 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿದುವು. ಸಂಸ್ಥಾನಿಕರ ಅರಮನೆಗಳಲ್ಲಿಯೂ ದಫ್ತರಗಳಲ್ಲಿಯೂ ಉಳಿದ ಚರಿತ್ರೆ ಆಯಾ ಊರಿನದು. ಆ ಎಲ್ಲೆಗಳನ್ನೆಲ್ಲ ನೇಕಾರನ ಗಂಟಿನಲ್ಲಿ ದಾಟಿ, ಸಂತೆಯಲ್ಲಿ ಕೈಬದಲಾಯಿಸಿ, ಒಂದು ಅಂಗೈಯಿಂದ ಇನ್ನೊಂದಕ್ಕೆ ಸವೆಯುತ್ತ ಬಂದ ರೂಪಾಯಿಯ ಮುಖದಲ್ಲಿರುವುದು ಈ ನಾಲ್ಕೂ ಊರುಗಳಿಗೆ ಸಮಾನವಾದ ಚರಿತ್ರೆ.